ಕರೆಯಬಾರದ ಹೆಸರಿನ ಕ್ಯಾಪ್ಟನ್

ಸೀರೆಯಾದರೆ ನಾಲ್ಕು ಅಂಗಡಿ ಸುತ್ತಿ, ಅಂಗಡಿಯವನ ತಲೆ ತಿಂದು ಆರಿಸಬಹುದು. ಹೆಸರು ಹಾಗಲ್ಲ. ನಾವು ಸರಿಯಾಗಿ ಕಣ್ಣು ಬಿಡುವ ಮೊದಲೇ ಯಾರೋ ಕಿವಿಯಲ್ಲಿ ಉಸುರಿಬಿಡುತ್ತಾರೆ, ಆಮೇಲೆ ಜೀವಮಾನವಿಡೀ ಅದನ್ನು ಹೊತ್ತು ತಿರುಗಬೇಕು. ನನಗೆ ಸಿಕ್ಕಿದ್ದಂತೂ ಹೊಸದೂ ಅಲ್ಲ, ಅಜ್ಜಿ ಇನ್ನೂ ಬಳಸುತ್ತಲೇ ಇದ್ದ ಹೆಸರು. ಅಜ್ಜಿ ಹುಟ್ಟಿದ್ದು ವರದಮೂಲದ ಹತ್ತಿರ. ಅಲ್ಲಿ ಹುಟ್ಟುವ ಹೊಳೆಯ ಹೆಸರನ್ನೇ ಅವಳಿಗಿಟ್ಟು ವರದಮ್ಮ ಎಂದರು. ಅಪ್ಪ ಮಾತೃಭಕ್ತ. ಅದನ್ನೇ ನನಗೂ ಇಟ್ಟು, ಕೆಲವು ವರ್ಷಕ್ಕೆ ಕಾರ್ಗಲ್ಲಿನಲ್ಲಿ ಕೆಲಸ ಸಿಕ್ಕಿತೆಂದು ಅತ್ತ ಹೊರಟುಹೋದ. ಸಾಗರದ ಮನೆಯಲ್ಲಿ ಅತ್ತೆಯ ಜೊತೆ ಪಾಡುಪಟ್ಟವಳು ಅಮ್ಮ.

ಯಾಕೆಂದರೆ ನಮ್ಮಲ್ಲಿ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಅತ್ತೆಯ ಹೆಸರು ಮಗಳ ಮೇಲೆ ಬಂದು ಕೂತರೆ ಮಗಳನ್ನೂ ಕರೆಯುವಂತಿಲ್ಲ, ಬೈಯುವುದಂತೂ ದೂರದ ಮಾತು. ಹೀಗಾಗಿ ನಾನು ಅಮ್ಮನಿಗೆ 'ಏ ಇವ್ಳೇ' ಆದೆ. ಅಮ್ಮನ ನಿಷ್ಠೆ ಎಂಥದ್ದೆಂದರೆ ಅಜ್ಜಿಯ ತವರೂರಿನ ಹೆಸರನ್ನೂ ಹೇಳುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಹೊಳೆ ಹುಟ್ಟೋ ಊರಿಗೆ ಟಿಕೇಟು ಕೊಡಿ ಎಂದಳು. ಕಂಡಕ್ಟರು ಶರಾವತಿ ಎಂದುಕೊಂಡು, ಅದು ತೀರ್ಥಹಳ್ಳಿ ಕಡೆ, ಈ ಬಸ್ಸು ಅಲ್ಲಿಗೆ ಹೋಗೋದಿಲ್ಲ ಎಂದು ಇಳಿಸಿಯೇಬಿಟ್ಟ.

ಹೈಸ್ಕೂಲಿನಲ್ಲಿ ನಾನು ಖೋ ಖೋ ಕ್ಯಾಪ್ಟನ್ ಆದೆ. ಆಟಕ್ಕಿಂತ ಹೆಚ್ಚಾಗಿ ನನ್ನ ಗಂಟಲನ್ನು ನೋಡಿ ಡ್ರಿಲ್ ಮಾಸ್ತರು ಆ ಪದವಿ ಕೊಟ್ಟಿದ್ದರು. ಅದರಿಂದ ಇಡೀ ಮೈದಾನ ನನ್ನ ಹೆಸರನ್ನು ಕೂಗತೊಡಗಿತು: ವರದಾ ಓಡೇ, ವರದಾ ಬಗ್ಗೇ. ಸುದ್ದಿ ಅಜ್ಜಿಯ ಕಿವಿಗೆ ಬಿತ್ತು. ತನ್ನ ಹೆಸರು ಹಿಡಿದು ಬೀದಿಯಲ್ಲಿ ಏಕವಚನದಲ್ಲಿ ಕೂಗುತ್ತಾರೆಂದರೆ ಯಾವ ಅಜ್ಜಿ ಸುಮ್ಮನಿರುತ್ತಾಳೆ? ಹೊಸನಗರದಲ್ಲಿ ತೀರ್ಥಹಳ್ಳಿಯ ಹುಡುಗಿಯರ ಮೇಲೆ ನಮ್ಮ ಫೈನಲ್ ಇತ್ತು. ತಾನೂ ಬರುತ್ತೇನೆ, ಗೆದ್ದರೆ ಆಡಲಿ, ಸೋತರೆ ಇದೇ ಕೊನೆ ಎಂದು ತೀರ್ಪು ಕೊಟ್ಟು, ಅಮ್ಮನನ್ನೂ ಕರೆದುಕೊಂಡು ಬಸ್ಸು ಹತ್ತಿದಳು. ಆಟ ಬಿಟ್ಟರೆ ನನಗೆ ಬರುತ್ತಿದ್ದದ್ದು ರಂಗೋಲಿ ಒಂದೇ, ಅದೂ ಸೊಟ್ಟ.

ಕೊನೆಯ ಹೊತ್ತಿಗೆ ನಮ್ಮವರೆಲ್ಲ ಔಟಾಗಿ ನಾನೊಬ್ಬಳೇ ಉಳಿದೆ. ಸೀಟಿ ಊದುವವರೆಗೆ ಸಿಕ್ಕಿಬೀಳದಿದ್ದರೆ ಗೆಲುವು ನಮ್ಮದು. ತೀರ್ಥಹಳ್ಳಿಯ ಉದ್ದನೆಯ ಹುಡುಗಿಯೊಬ್ಬಳು ಬೆನ್ನಟ್ಟಿದ್ದಳು. ಅಮ್ಮ ಎದ್ದು ನಿಂತು 'ಏ ಇವ್ಳೇ' ಎಂದು ಕೂಗಿದಳು. ನೋಡಲು ಬಂದಿದ್ದ ಹೆಂಗಸರೆಲ್ಲ ತಮ್ಮನ್ನೇ ಕರೆದರೆಂದು ತಿರುಗಿ ನೋಡಿದರು. ನಾನೊಬ್ಬಳು ತಿರುಗಲಿಲ್ಲ; ಓಡುತ್ತಲೇ ಇದ್ದೆ. ಆ ಹುಡುಗಿ ಇನ್ನೂ ಹತ್ತಿರ ಬಂದಳು. ಆಗ ಅತ್ತೆ ಪಕ್ಕದಲ್ಲೇ ಕೂತಿದ್ದಾರೆಂಬುದನ್ನೂ ಮರೆತು ಅಮ್ಮ ಕೂಗಿದಳು:

"ವರದಾ, ಓಡೇ!"

ನಾನು ನಿಂತುಬಿಟ್ಟೆ. ಹುಟ್ಟಿದಾಗಿನಿಂದ ಆ ಬಾಯಲ್ಲಿ ಆ ಹೆಸರನ್ನು ಕೇಳಿದವಳಲ್ಲ. ಯಾರು ಕರೆದರೆಂದು ನೋಡಿದರೆ, ಅಮ್ಮ. ಎಷ್ಟು ಚೆನ್ನಾಗಿತ್ತೆಂದರೆ ಇನ್ನೊಂದು ಸಲ ಕರೆಯಲಿ ಎಂದು ಕಾದೆ. ಬೆನ್ನಿಗೆ ಗುದ್ದಿದಂತೆ ಕೈ ಬಿತ್ತು. ನಾನು ಔಟಾದೆ, ನಾವು ಸೋತೆವು, ಮಾಸ್ತರು ತಲೆಯ ಮೇಲೆ ಕೈಹೊತ್ತು ಕೂತರು.

ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ತಪ್ಪಾಯ್ತು ಅತ್ತೆ ಎಂದು ಅಳುವುದಕ್ಕೇ ಶುರುಮಾಡಿದಳು. ನನ್ನ ಆಟಕ್ಕೆ ಎಳ್ಳುನೀರು ಎಂದುಕೊಂಡು ನಾನೂ ಅಳುಮೋರೆ ಹಾಕಿಕೊಂಡು ಬಂದೆ. ಅಜ್ಜಿ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡಳು.

"ತಪ್ಪಾಗಿದ್ದು ಈಗಲ್ಲ ಮಾರಾಯ್ತಿ. ಮೊದ್ಲಿಂದ ಕರೆದು ರೂಢಿ ಮಾಡಿದ್ರೆ ಹುಡುಗಿ ನಿಲ್ತಿರ್ಲಿಲ್ಲ. ಬರೋ ವರ್ಷನೂ ಆಡ್ಲಿ. ನಾಳೆಯಿಂದ ಹೆಸ್ರು ಹಿಡಿದೇ ಕರಿ."

ಮರುದಿನ ಬೆಳಿಗ್ಗೆ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಬಾಯಿ ತೆರೆದಳು. ಅವಳು ಅತ್ತೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಆಮೇಲೆ ಏ ಇವ್ಳೇ, ಹಾಲು ಉಕ್ತಾ ಇದೆ ನೋಡೇ ಎಂದಳು. ನನಗೆ ಬಂದ ಸಿಟ್ಟಿಗೆ ಹಾಲೆಲ್ಲ ಉಕ್ಕಿಹೋಗಲಿ ಎನ್ನಿಸಿತ್ತು. ನನ್ನ ಮಕ್ಕಳಿಗೆ ಈ ಗತಿ ಬರಬಾರದೆಂದು ಅವತ್ತೇ ನಿರ್ಧರಿಸಿದೆ.

ಆಮೇಲೆ ನನಗೂ ಮದುವೆಯಾಯಿತು, ಮಗಳು ಹುಟ್ಟಿದಳು. ನನ್ನ ಗಂಡನೂ ಮಾತೃಭಕ್ತ. ನನ್ನ ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಇಲ್ಲಿಯಾದರೂ ಮಗಳ ಹೆಸರು ಬರೆಯೋಣವೆಂದು ಬಹಳ ಹೊತ್ತಿನಿಂದ ಪೆನ್ನು ಹಿಡಿದು ಕೂತಿದ್ದೇನೆ. ನೀವು ಯಾವಾಗಲಾದರೂ ಮನೆ ಕಡೆ ಬನ್ನಿ, ಇವಳೇ ಹೇಳುತ್ತಾಳೆ.