ಮುಹೂರ್ತದವರೆಗೆ ಮುಚ್ಚಬಾರದ ವಿಂಡೋ

ಡೈರಿ ಬರೆಯುವವರಿಗೆ ಒಂದು ಕೆಟ್ಟ ಗುಣವಿರುತ್ತದೆ. ಸುಮ್ಮನೆ ಸಹಿಸಿಕೊಂಡು ಹೋಗಬಹುದಾದ ತೊಂದರೆಯನ್ನೂ ಅವರು ಎಣಿಸಿ, ಬರೆದಿಟ್ಟು, ಅಸಹನೀಯ ಮಾಡಿಕೊಳ್ಳುತ್ತಾರೆ. ನಾನು ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ದಿನವೂ ಬಸ್ಸಿನಲ್ಲಿ ಹೋಗಿಬರುವವಳು. ಬಸ್ಸು ಎಷ್ಟು ತಡವಾಯಿತು, ವಳಸಂಗದಲ್ಲಿ ಎಷ್ಟು ಜನ ಹತ್ತಿದರು, ಕುಂಭಾರಿ ದಾಟುವ ಹೊತ್ತಿಗೆ ನನ್ನ ಕಾಲ ಮೇಲೆ ಎಷ್ಟು ಕಾಲುಗಳಿದ್ದವು, ಎಲ್ಲವೂ ತಾರೀಖಿನ ಸಮೇತ ನನ್ನ ಡೈರಿಯಲ್ಲಿದೆ. "ಎಣಿಸಿದ್ರ ಸೀಟ ಸಿಗ್ತದೇನವಾ?" ಎಂದು ಅವ್ವ ಕೇಳುತ್ತಾಳೆ. ಸಿಗುವುದಿಲ್ಲ. ಆದರೆ ಎಷ್ಟು ಸಲ ಸಿಗಲಿಲ್ಲ ಎಂಬುದಾದರೂ ಗೊತ್ತಿರುತ್ತದೆ. ಇಂಥ ನಾನು ಒಂದು ಮಂಗಳವಾರ ಅಂಗಡಿಯಲ್ಲಿ ಕುಳಿತು, ನನ್ನ ಬಲಗೈ ಕೀಬೋರ್ಡ್ ಬಿಟ್ಟು ಮೌಸಿನ ಕಡೆಗೆ ಎಷ್ಟು ಸಲ ಓಡುತ್ತದೆ ಎಂದು ಎಣಿಸಿಬಿಟ್ಟೆ. ಊಟದ ಹೊತ್ತಿಗೇ ಇನ್ನೂರು ದಾಟಿತ್ತು. ಅಲ್ಲಿಯವರೆಗೆ ನೋಯದ ಕೈ ಆ ಮಧ್ಯಾಹ್ನದಿಂದ ನೋಯತೊಡಗಿತು.

ಅಂಗಡಿಯೆಂದರೆ ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ. ಒಂದು ಬದಿಗೆ ಮರಾಠಿ, ಇನ್ನೊಂದು ಬದಿಗೆ ಕನ್ನಡ ಇರುವ ಪತ್ರಿಕೆ ನಮ್ಮ ವಿಶೇಷ. ಬೀಗರು ಯಾವ ಕಡೆಯವರಾದರೂ ತಿರುಗಿಸಿ ಓದಿಕೊಳ್ಳಬಹುದು. ಮಾಲೀಕರು ಗುರಪ್ಪಕಾಕಾ. ಸೊಲ್ಲಾಪುರದ ಹಳೆಯ ವ್ಯಾಪಾರಿಗಳು ರಾತ್ರಿ ಅಂಗಡಿ ಬಂದ್ ಮಾಡು ಎನ್ನುವುದಿಲ್ಲ, ಅದು ಅಪಶಕುನ. "ದುಕಾನ ವಾಢವಾ" ಎನ್ನುತ್ತಾರೆ, ಅಂದರೆ ಬೆಳೆಸು ಎಂದು. ಕಾಕಾ ಈ ಪದ್ಧತಿಯನ್ನು ಕಂಪ್ಯೂಟರಿಗೂ ಹಚ್ಚಿದ್ದಾರೆ. ಒಂದು ಪತ್ರಿಕೆಯನ್ನು ಪರದೆಯ ಮೇಲೆ ತೆರೆದರೆ, ಆ ಜೋಡಿಯ ಮೇಲೆ ಅಕ್ಷತೆ ಬೀಳುವವರೆಗೆ ಅದರ ವಿಂಡೋ ಮುಚ್ಚುವ ಹಾಗಿಲ್ಲ. ರಾತ್ರಿ ಕಂಪ್ಯೂಟರನ್ನು ಮಲಗಿಸುತ್ತೇವೆ, ನಿದ್ದೆ ಅಶುಭವಲ್ಲ. ಕರೆಂಟು ಹೋಗಿ ಎಲ್ಲವೂ ಮುಚ್ಚಿದರೆ ಆ ದೋಷ ಲೈಟಿನವರದು, ನಮ್ಮದಲ್ಲ. ಹೀಗಾಗಿ ಲಗ್ನದ ಹಂಗಾಮಿನಲ್ಲಿ ನನ್ನ ಪರದೆಯ ಮೇಲೆ ನಲವತ್ತು ಮದುವೆಗಳು ಒಂದರ ಹಿಂದೊಂದು, ಊಟದ ಪಂಕ್ತಿಯ ಹಿಂದೆ ಎಲೆಗಾಗಿ ಕಾಯುವವರಂತೆ, ನಿಂತಿರುತ್ತವೆ.

ಹಳೆಯ ಕಂಪ್ಯೂಟರು ಈ ಭಾರಕ್ಕೆ ಕುಸಿದು ಕೂತಾಗ ಅದರ ಹಳೆಯ ವ್ಯವಸ್ಥೆ ತೆಗೆದು, ಲಿನಕ್ಸ್ ಎಂಬ ಹಗುರವಾದ, ಪುಕ್ಕಟೆ ವ್ಯವಸ್ಥೆ ಹಾಕಿ ಎಬ್ಬಿಸಿದವಳು ನಾನೇ. ಕಾಕಾ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ನೋಡವಾ ಶ್ರುತಿ, ಗಿರಾಕಿ ಮುಂದ ನಿನ್ನ ಲಿನಕ್ಸ್ ಒಂದ ಸಲ ಮಾನ ಕಳೀತಂದ್ರ, ಅದನ್ನ ತೆಗಸಿ ಹಳೇದೇ ಹಾಕಸ್ತೀನಿ. ನೀ ಹಿಂದ ಕೂತು ಪಾಕೀಟಿಗೆ ಗೋಂದ ಹಚ್ಚು." ನನಗೆ ಗೋಂದಿನ ವಾಸನೆಯೇ ಆಗದು. ಅದಕ್ಕಿಂತ ಹೆಚ್ಚಾಗಿ, ನಾನು ಹಾಕಿದ ಲಿನಕ್ಸು ಸೋಲುವುದು ಆಗದು.

ಆಲ್ಟ್ ಒತ್ತಿ ಹಿಡಿದು ಟ್ಯಾಬ್ ಒತ್ತುತ್ತ ಹೋದರೆ ವಿಂಡೋ ಬದಲಾಗುತ್ತದೆ, ನಿಜ. ಆದರೆ ನಲವತ್ತು ವಿಂಡೋಗಳಲ್ಲಿ ಅದು ಒಬ್ಬರ ಮನೆ ಹುಡುಕಲು ಇಡೀ ಓಣಿಯ ಬಾಗಿಲು ಬಡಿದಂತೆ. ನನಗೆ ಬೇಕಾಗಿದ್ದದ್ದು ಬೇರೆ: ಒಂದು ಕೀ ಒತ್ತಿದರೆ ಪರದೆಯ ನಡುವೆ ಒಂದು ಪೆಟ್ಟಿಗೆ ಏಳಬೇಕು, ಮದುಮಗಳ ಹೆಸರಿನ ಎರಡು ಅಕ್ಷರ ಹೊಡೆದರೆ ಅವಳ ಪತ್ರಿಕೆ ಎದ್ದುಬರಬೇಕು. ಅದಕ್ಕೊಂದು ಪುಟ್ಟ ಪ್ರೋಗ್ರಾಂ ಸಿಕ್ಕಿತು. ಕೂಡಿಸಲು ಎರಡು ಭಾನುವಾರ ಹಿಡಿಯಿತು. ಮೊದಲ ಭಾನುವಾರ ನಾನು ಆರಿಸಿದ ಕೀಲಿಜೋಡಿ, ಮರಾಠಿಯಿಂದ ಕನ್ನಡಕ್ಕೆ ಹೊರಳಲು ಮೊದಲೇ ನೇಮಕವಾಗಿತ್ತು. ಪೆಟ್ಟಿಗೆ ಏಳುವ ಬದಲು ಭಾಷೆ ಬದಲಾಗುತ್ತಿತ್ತು. ಮತ್ತೆ ಒತ್ತಿದರೆ ಮತ್ತೆ ಮರಾಠಿ. ನಮ್ಮ ಮನೆಯ ಮಾತಿನ ಹಾಗೆಯೇ. ಎರಡನೆಯ ಭಾನುವಾರ ಬೇರೆ ಕೀ ಕೊಟ್ಟೆ. ಪೆಟ್ಟಿಗೆ ಎದ್ದಿತು! ನಾನೂ ಕುರ್ಚಿಯಿಂದ ಎದ್ದೆ. ಅದೇ ಹುಮ್ಮಸ್ಸಿನಲ್ಲಿ ಇನ್ನೊಂದು ಸೌಕರ್ಯ ಸೇರಿಸಿದೆ. ಬಸ್ಸಿನ ವೇಳಾಪಟ್ಟಿ, ಹಾಡು ಮುಂತಾದ ನನ್ನ ಸ್ವಂತ ವಿಂಡೋಗಳನ್ನು ಆ ಪೆಟ್ಟಿಗೆಯಿಂದಲೇ ಮುಚ್ಚಲು ಶಿಫ್ಟ್ ಮತ್ತು ಡಿಲೀಟ್ ಎರಡನ್ನೂ ಒತ್ತಬೇಕಿತ್ತು. ಒಂದು ಬೆರಳಿನ ಕೆಲಸಕ್ಕೆ ಎರಡು ಬೆರಳು ಯಾಕೆ ಎಂದು, ಬರೀ ಡಿಲೀಟಿಗೇ ಆ ಅಧಿಕಾರ ಕೊಟ್ಟೆ. ಒಂದು ಬೆರಳು ಉಳಿಯಿತೆಂದು ಡೈರಿಯಲ್ಲಿ ಬರೆದೂ ಇಟ್ಟೆ.

ಆಮೇಲಿನ ವಾರ ನಾನು ನೆಲದ ಮೇಲಿರಲಿಲ್ಲ. ಗಿರಾಕಿ "ನಮ್ಮ ಸವಿತಾನ..." ಎನ್ನುವಷ್ಟರಲ್ಲಿ ಸವಿತಾ ಹಾಜರ್. "ಚಪಳಗಾಂವದವ್ರದು..." ಎನ್ನುವ ಮೊದಲೇ ಚಪಳಗಾಂವದ ಮದುಮಗ ಪೇಟಾ ಸುತ್ತಿಕೊಂಡು ಎದುರಿಗೆ. ಕಾಕಾ ಚಹಾ ಕುಡಿಯುವುದು ಬಿಟ್ಟು ನೋಡುತ್ತಿದ್ದರು. "ಏ, ಇದೇನ ಗಾರುಡಿ ವಿದ್ಯಾ ಕಲ್ತು ಬಂದೀಯೇ?" ಎಂದರು. ಮೌಸಿನ ಮೇಲೆ ಧೂಳು ಕೂತಿತು. ನಾನು ಒರೆಸಲಿಲ್ಲ, ಅದು ನನ್ನ ಪದಕ. ಕೆಲಸವಿಲ್ಲದಾಗಲೂ ಪೆಟ್ಟಿಗೆ ಎಬ್ಬಿಸಿ, ಈ ಮದುವೆಯಿಂದ ಆ ಮದುವೆಗೆ ಹಾರುತ್ತಿದ್ದೆ. ಊಟವಿಲ್ಲ ಎಂಬುದೊಂದೇ ಕೊರತೆ.

ಆಗ ಬಂದರು ಕಾಶೀಬಾಯಿ ಅಜ್ಜಿ. ನಮ್ಮ ಎದುರಿನ ವಾಡೆಯವರು, ಸೀರೆ ವ್ಯಾಪಾರದ ದೊಡ್ಡ ಮನೆತನ. ಆ ಓಣಿಯಲ್ಲಿ ಯಾರ ಪತ್ರಿಕೆ ಎಲ್ಲಿ ಆಗಬೇಕೆಂದು ಹೇಳುವವರು ಅವರೇ. ಮೊಮ್ಮಗಳು ಶಿವಾನಿಯ ಪತ್ರಿಕೆ ಕಡೆಯ ಸಲ ನೋಡಿ ಒಪ್ಪಿಗೆ ಕೊಡಲು ಬಂದಿದ್ದರು. ಕಾಕಾ ತಾವೇ ಕುರ್ಚಿ ಒರೆಸಿ ಕೂರಿಸಿ, "ಅಜ್ಜಿ, ನಮ್ಮ ಹುಡುಗಿ ಕೈ ನೋಡ್ರಿ ಈಗ" ಎಂದರು. ನಾನು ಪೆಟ್ಟಿಗೆ ಎಬ್ಬಿಸಿದೆ. ಶಿವಾನಿಯ ಹೆಸರು ಮೇಲೆದ್ದು ಬಂದಿತು, ಪೆಟ್ಟಿಗೆಯ ಹಿಂದೆ ಅವಳ ಪತ್ರಿಕೆಯೂ ಕಂಡಿತು. ಆದರೆ ಗಡಿಬಿಡಿಯಲ್ಲಿ ಒಂದು ಅಕ್ಷರ ಹೆಚ್ಚು ಹೊಡೆದಿದ್ದೆ. ಅಳಿಸಲು ಹೋದ ಬೆರಳು ಬ್ಯಾಕ್‌ಸ್ಪೇಸಿನ ಬದಲು ಪಕ್ಕದ ಡಿಲೀಟಿನ ಮೇಲೆ ಬಿತ್ತು. ಶಿವಾನಿ, ಮದುಮಗ, ಗಣಪತಿ, ಬಾಳೆಕಂಬ ಎಲ್ಲವೂ ಪಟ್ಟನೆ ಮಾಯವಾದವು.

"ಯವ್ವಾ! ನಮ್ಮ ಶಿವಾನೀ ಪತ್ರಿಕಾ ಎಲ್ಲಿ ಹೋತು?"

"ಏನೂ ಆಗಿಲ್ರಿ ಅಜ್ಜಿ, ಸೇವ್ ಅದ್ರಿ, ಬರೇ ವಿಂಡೋ ಮುಚ್ಚೇದ."

ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಸತ್ಯ. ಕಾಕಾ ಹಣೆ ಹಿಡಿದುಕೊಂಡರು.

"ಮುಚ್ಚಿದೇನ? ಗುರಪ್ಪಾ, ಲಗ್ನದ ಮೊದಲ ಮುಚ್ಚತಾಳಲ್ಲೋ ಇಕಿ! ನಾ ಬಾಜೂಕಿನ ಪ್ರೆಸ್ಸಿಗೆ ಹೋಗ್ತೀನಿ."

"ಅಜ್ಜಿ, ಕೂಡ್ರಿ, ಕೂಡ್ರಿ. ಚಹಾ ತಗೋರಿ." ಹೀಗೆ ಹೇಳುತ್ತ ಕಾಕಾ ನನ್ನ ಕಡೆ ನೋಡಿದ ನೋಟದಲ್ಲಿ ಗೋಂದಿನ ಡಬ್ಬಿ ಸ್ಪಷ್ಟವಾಗಿ ಕಂಡಿತು. ನಾನು ಪತ್ರಿಕೆಯನ್ನು ಮತ್ತೆ ತೆರೆದು ತೋರಿಸಿದೆ. ಅಜ್ಜಿ ಮದುಮಗನ ಹೆಸರಿನಿಂದ ಹಿಡಿದು ಊಟದ ವೇಳೆಯವರೆಗೆ ಎಲ್ಲವನ್ನೂ ತಾಳೆ ನೋಡಿದರು. ಆಮೇಲೆ "ಯಾವ ಕೀ ಒತ್ತಿದಿ?" ಎಂದು ಕೇಳಿ, ಸೊಂಟದ ಚೀಲದಿಂದ ವಿಭೂತಿ ತೆಗೆದು ಡಿಲೀಟ್ ಕೀಗೆ ಮೂರು ಗೆರೆ ಎಳೆದರು. "ಇದಕ್ಕಿನ್ನ ಬೆರಳ ಹಚ್ಚಬ್ಯಾಡ. ಮತ್ತ ನಮ್ಮ ಪತ್ರಿಕಾ ಎಲ್ಲಾದರ ಮ್ಯಾಲ ಇರಬೇಕು. ಗುಡಿಗೆ ಹೋಗಾಗ ದಿನಾ ನಿಮ್ಮ ಬಾಗಲದ ಕಾಚಿನ್ಯಾಗಿಂದ ನೋಡ್ತೀನಿ. ಆಗ್ತದೋ ಇಲ್ಲೋ?"

ಆಗುವುದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಲಿನಕ್ಸಿನ ಮಾನ ಹರಾಜಿಗೆ ನಿಂತಿತ್ತು. "ಲಿನಕ್ಸಿನ್ಯಾಗ ಆಗ್ಲಾರದ್ದ ಏನದರಿ ಅಜ್ಜಿ?" ಎಂದೆ. ವಿಂಡೋದ ತಲೆಯ ಮೇಲೆ ಒತ್ತಿ, ಸದಾ ಎಲ್ಲದರ ಮೇಲೆ ಎಂಬ ಆಯ್ಕೆಗೆ ಗುರುತು ಹಾಕಿದೆ. ಅಜ್ಜಿ ಚಹಾ ಕುಡಿದರು. ಕಾಕಾ ಉಸಿರು ಬಿಟ್ಟರು. ಕೆಲಸ ಉಳಿಯಿತು, ಲಿನಕ್ಸೂ ಉಳಿಯಿತು.

ಈಗ ಪರಿಸ್ಥಿತಿ ಹೀಗಿದೆ. ನಾನು ಪೆಟ್ಟಿಗೆ ಎಬ್ಬಿಸುತ್ತೇನೆ, ಎರಡು ಅಕ್ಷರ ಹೊಡೆಯುತ್ತೇನೆ, ಬೇಕಾದ ಪತ್ರಿಕೆ ಮಿಂಚಿನಂತೆ ಬರುತ್ತದೆ, ಬಂದು ಶಿವಾನಿಯ ಹಿಂದೆ ನಿಲ್ಲುತ್ತದೆ. ಬದಿಯಲ್ಲಿ ಸವಿತಾಳ ಕೊನೆಯ ಅಕ್ಷರ, ಕೆಳಗೆ ಯಾರದೋ ಕಲ್ಯಾಣಮಂಟಪದ ದಾರಿ. "ನಮ್ಮ ಮಗನ ಬಾಜೂಕ ಈ ಶಿವಾನಿ ಯಾರ್ರಿ?" ಎಂದು ಒಬ್ಬ ತಾಯಿ ಕೇಳಿಯೇಬಿಟ್ಟರು. ಮದುವೆ ಬೇಗ ಆಗಲಿ ಎಂದು ಶಿವಾನಿಗಿಂತ ಹೆಚ್ಚು ಹಾರೈಸುತ್ತಿದ್ದವಳು ನಾನು.

ಮೊನ್ನೆ ಅಜ್ಜಿ ಮತ್ತೆ ಬಂದರು. ಮದುಮಗನ ಚಿಕ್ಕಪ್ಪನಿಗೆ ರಜೆ ಸಿಗದೆ ಮುಹೂರ್ತ ಒಂದು ತಿಂಗಳು ಮುಂದೆ ಹೋಗಿತ್ತು. "ನೀ ಮುಚ್ಚಿದ್ದಕ್ಕ ತಿಂಗಳ ಮುಂದ ಹೋತು, ಮ್ಯಾಲ ಇಟ್ಟಿದ್ದಕ್ಕ ಅಷ್ಟಕ್ಕ ನಿಂತದ. ಹೊಸಾ ತಾರೀಖ ಹಾಕು" ಎಂದರು. ಪತ್ರಿಕೆಯನ್ನು ಹುಡುಕುವ ಅಗತ್ಯವೇ ಇರಲಿಲ್ಲ, ಎದುರಿಗೇ ಇತ್ತು. ಮೌಸ್ ಮುಟ್ಟದೆ, ಒಂದಕ್ಷರ ತಪ್ಪದೆ, ಹಿಂದೆಂದೂ ಇಲ್ಲದ ವೇಗದಲ್ಲಿ ನನ್ನ ಶಿಕ್ಷೆಯನ್ನು ನಾನೇ ಒಂದು ತಿಂಗಳು ಬೆಳೆಸಿದೆ.