ಮಾವನ ಕಳ್ಳ ಕಬಡ್ಡಿ

ನನ್ನ ಸೋದರಮಾವ ತೊಟ್ಟಿಲಲ್ಲೇ ಫೌಲ್ ಮಾಡಿದ್ದ ಎಂದರೆ ನೀವು ನಂಬಬೇಕು. ದುಡ್ಡು ಕೊಟ್ಟು ಆಡಿಸುವ ಕಬಡ್ಡಿ ತಂಡಗಳಿಗೆ ಹತ್ತಾರು ವರ್ಷ ಆಡಿದವನು ಅವನು. ನ್ಯಾಯವಾಗಿ ಗೆದ್ದ ಆಟ ಯಾವುದು ಮಾವ ಎಂದು ಕೇಳಿದರೆ ಈಗಲೂ ತಲೆ ಕೆರೆದುಕೊಳ್ಳುತ್ತಾನೆ!

ಆಟಕ್ಕೆ ಮುಂಚೆ ಕಾಲಿಗೆಲ್ಲ ಕೊಬ್ಬರಿ ಎಣ್ಣೆ. ಹಿಡಿದವರ ಕೈಗೆ ಸಿಗುತ್ತಿದ್ದುದು ಬರೀ ಘಮ. ಬಲಗಾಲಿನ ಹೆಬ್ಬೆರಳಿಗೆ ಮಾತ್ರ ಉಗುರು ಬೆಳೆಸಿದ್ದ. ಯಾಕೆಂದು ಎದುರಾಳಿಗಳ ಪಾದಗಳನ್ನು ಕೇಳಬೇಕು. ಕೆರಗೋಡಿನಲ್ಲೊಮ್ಮೆ ರೈಡಿಗೆ ಬಂದವನಿಗೆ ಮೆಲ್ಲಗೆ, "ಲೇ, ಚಡ್ಡಿ ಹರ್ದೋಗದೆ ಕಣ್ಲಾ" ಅಂದ. ಪಾಪ, ಅವನು ಬಗ್ಗಿ ನೋಡಿದ, ಉಸಿರು ಬಿಟ್ಟ, ಔಟಾದ!

ಈಗ ಟಿವಿಯಲ್ಲಿ ಕಬಡ್ಡಿ ನೋಡುತ್ತಾ, "ಇಷ್ಟೊಂದು ಕ್ಯಾಮೆರಾ ಮಡಗಿದ್ರೆ ಉಡುಗ್ರು ಎಂಗ್ಲಾ ಚಿವುಟ್ತವೆ?" ಎಂದು ಮರುಗುತ್ತಾನೆ. ಮದುವೆ ಊಟಕ್ಕೆ ಹೋದರೆ ಮುಂದಿನವರ ಪಾದ ಮೆಟ್ಟಿ ಮೊದಲ ಪಂಕ್ತಿಯಲ್ಲೇ ಎಲೆ ಹಿಡಿಯುತ್ತಾನೆ. ಹಿಂದೆ ನಿಂತು, "ಕ್ಷಮಿಸಿ, ವಯಸ್ಸಾಯ್ತು" ಎನ್ನುವವಳು ನಾನು. ಮಂಡ್ಯದಿಂದ ಮದ್ದೂರಿನವರೆಗೂ ಕ್ಷಮೆ ಕೇಳಿ ಕೇಳಿ ಸಾಕಾಗಿದೆ ಕಣ್ರೀ. ಅವನಿಗೆ ವಯಸ್ಸಾಯಿತೋ ಇಲ್ಲವೋ, ನನಗಂತೂ ಆಯಿತು.

ಮಳವಳ್ಳಿಯ ಒಬ್ಬರ ಹತ್ತಿರ ಮಾತ್ರ ನನ್ನ ಕ್ಷಮೆ ನಡೆಯುವಂತಿರಲಿಲ್ಲ. ಒಳ್ಳೆಯ ರೈಡರ್ ಆಗಿದ್ದವರು. ಒಂದು ಫೈನಲ್ಲಿನಲ್ಲಿ ಸೀಟಿ ಊದಿದ ಮೇಲೂ ಅವರ ಕಾಲನ್ನು ಮಾವ ಬಿಡದೆ ತಿರುಚಿದ್ದ. ಮಂಡಿ ಹೋಯಿತು, ಮಂಡಿಯ ಜೊತೆ ಆಟವೂ ಹೋಯಿತು. ಈ ವರ್ಷ ಅದೇ ಮಂಡಿಗೆ ಆಪರೇಷನ್. ಅದಾದ ಮೇಲೆ ಎದ್ದು ನಡೆದಾಡದಿದ್ದರೆ ಕಾಲು ಮತ್ತೆ ಮಡಚಲಾಗದು ಎಂದು ಡಾಕ್ಟರು ಹೇಳಿದರೂ ನೋವಿಗೆ ಹೆದರಿ ಅವರು ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. ಸುದ್ದಿ ತಿಳಿದದ್ದೇ ತಡ, ಮಾವ ಪ್ರತಿ ಭಾನುವಾರ ನನ್ನ ಸ್ಕೂಟರ್ ಹತ್ತತೊಡಗಿದ. ನನಗಿದ್ದ ಒಂದು ರಜೆಯೂ ಹೋಯಿತು!

"ಏನ್ಲಾ, ಈಗ್ಲೂ ನನ್ನ ಕಂಡ್ರೆ ಎದ್ರುಕೆನಾ?" ಎಂದು ಕೆಣಕಿಯೇ ಅವರನ್ನು ಚೌಕಾಬಾರಕ್ಕೆ ಎಳೆದ. ಮಂಚದ ಮೇಲೆ ಹಲಗೆ, ಹಲಗೆಯ ಮೇಲೆ ನಾಲ್ಕು ಕವಡೆ. ಸೋತವನು ಅಂಗಳ ದಾಟಿ, ಬೇಲಿಯ ಬಳ್ಳಿಯಿಂದ ವೀಳ್ಯದೆಲೆ ಕಿತ್ತು ತರಬೇಕು. ವಾರ ವಾರವೂ ಅವರೇ ಸೋಲುತ್ತಿದ್ದರು, ಬೈಯುತ್ತಾ ಗೋಡೆ ಹಿಡಿದು ಏಳುತ್ತಿದ್ದರು.

ಕಳೆದ ಭಾನುವಾರ ನಾನು ಕಣ್ಣಾರೆ ಕಂಡೆ. ಮಂಚದ ಮೇಲೆ ಕಾಲು ಮಡಚಿ ಕೂತಿದ್ದ ಮಾವನ ಆ ಹಾಳು ಹೆಬ್ಬೆರಳಿನ ಉಗುರು ಹಲಗೆಯ ಅಂಚಿನಿಂದ ಇಣುಕಿತು, ಒಂದು ಕವಡೆಯನ್ನು ಮೆಲ್ಲಗೆ ಮಗುಚಿತು. "ಬಾರ! ಗೆದ್ದೆ!" ಎಂದು ಕೂಗಿದ ಮಾವ, ಅವರಿಗೆ ಊರುಗೋಲು ತರಲು ಒಳಗೆ ಹೋದ. ನಾನು ಅಭ್ಯಾಸಬಲದಿಂದ "ಕ್ಷಮಿಸಿ" ಎಂದು ಶುರುಮಾಡಿದೆ.

ಅವರು ನನ್ನ ಕೈ ಅದುಮಿದರು. "ಸುಮ್ಕಿರವ್ವ. ಆ ಉಗುರ ಮೊದಲ್ನೇ ವಾರವೇ ಕಂಡಿವ್ನಿ. ನ್ಯಾಯ್ವಾಗಿ ಆಡುದ್ರೆ ಅವ್ನೇ ಸೋತು ಅವ್ನೇ ಎಲೆ ತತ್ತಾನೆ. ನಾನು ಇಲ್ಲೇ ಬಿದ್ದಿರ್ತೀನಿ."

ಮಾವ ಬಂದೊಡನೆ, "ಕಳ್ನನ್ಮಗ್ನೆ, ಈ ಸಲ್ವೂ ಮೋಸ!" ಎಂದು ಗುಡುಗಿ, ಊರುಗೋಲು ಕಿತ್ತುಕೊಂಡು ಮಂಚ ಇಳಿದರು. ಹಲ್ಲು ಕಚ್ಚಿ ಹೆಜ್ಜೆಯಿಟ್ಟರು. ಹಿಂದೆಯೇ ಮಾವ, ಸೊಂಟ ಬಗ್ಗಿಸಿ, ಎರಡೂ ಕೈ ಚಾಚಿ, ಆ ಕಾಲನ್ನೇ ನೋಡುತ್ತಾ ನಡೆದ.

"ಮುಟ್ಬ್ಯಾಡ ಕಣ್ಲಾ," ಎಂದರು ಅವರು, ತಿರುಗದೆ.

"ಮುಟ್ಟಲ್ಲ ಕಣ್ಲಾ," ಎಂದ ಮಾವ. "ನೀನು ನಡಿ."