ಅಟ್ಟದ ಕಾಯಿಗಿರುವ ರೆಸ್ಟು

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರು. ಚೆನ್ನಾಗಿ ವ್ಯಾಯಾಮ ಮಾಡಿ, ಮಾಡಿದ ಮೇಲೆ ಮೈಗೆ ಬಿಡುವು ಕೊಡಿ ಅಂತ ಮಕ್ಕಳಿಗೆ ಹೇಳಿ ಹೇಳಿಯೇ ತಲೆ ಬೆಳ್ಳಗಾಯಿತು. ನನ್ನ ಮಾತು ಕೇಳಿದ ಹುಡುಗಿಯರು ಜಿಲ್ಲಾ ಮಟ್ಟದವರೆಗೂ ಓಡಿದ್ದಾರೆ. ಅದೇ ಮಾತನ್ನು ಐವತ್ತು ದಾಟಿದ ನನ್ನ ಮೈಗೆ ಅನ್ವಯಿಸಲು ಹೋದಾಗಲೆಲ್ಲ, ತಿಪಟೂರು ಕಡೆಯ ಹಾಲ್ಕುರಿಕೆ ಪಕ್ಕದ ನಮ್ಮೂರಲ್ಲಿ, ಅದರಲ್ಲೂ ನಮ್ಮ ಮನೆಯಲ್ಲಿ, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತೆ. ನಗು ಬರುವಂಥವನ್ನು ಮಾತ್ರ ಬರೆಯೋಣ ಅಂತ ಕೂತೆ. ಬರೀತಾ ಹೋದರೆ ಹೊಟ್ಟೆ ಉರಿಯುವಂಥವೇ ಜಾಸ್ತಿ ಬಂದವು. ನಗೋದು ನಿಮಗೆ ಬಿಟ್ಟಿದ್ದೇನೆ, ನನ್ನ ಕೈಲಿ ಆಗಲಿಲ್ಲ.

ಇಲ್ಲದ ಶುಗರ್

ವಿಸಲ್ ಹಿಡಿದು ನಿಂತು ಬೇರೆಯವರನ್ನು ಓಡಿಸೋದು ವ್ಯಾಯಾಮ ಆಗಲ್ಲ. ಅದಕ್ಕೇ ಬೆಳಗ್ಗೆ ಎದ್ದು ಕೆರೆ ಏರಿವರೆಗೆ ವಾಕಿಂಗ್ ಶುರು ಮಾಡಿದೆ. ಇಡೀ ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಹೊತ್ತು ಅದೊಂದೇ ಅಂದುಕೊಂಡಿದ್ದೆ. ಮೊದಲನೇ ದಿನವೇ ಡೈರಿಗೆ ಹಾಲಿನ ಕ್ಯಾನ್ ಹಾಕಿಕೊಂಡು ಹೊರಟಿದ್ದ ಬೈಕೊಂದು ಪಕ್ಕಕ್ಕೆ ಬಂದು ನಿಂತಿತು.

"ಬಸ್ಸು ತಪ್ಪೋಯ್ತಾ ಮೇಡಮ್ಮೋರೆ? ಹತ್ತಿ, ಬುಡ್ತೀನಿ."

"ಇಲ್ಲ ಕಣಪ್ಪ, ಸುಮ್ನೆ ನಡೀತಿದೀನಿ."

"ಸುಮ್ನೆ ಯಾಕೆ ನಡೀತೀರಿ? ಯಾವಾಗಿಂದ ಶುಗರ್ರು?"

ಶುಗರ್ ಇಲ್ಲ ಅಂದೆ. "ನಮ್ಮವ್ವನೂ ಮೊದ್ಲು ಇಲ್ಲ ಇಲ್ಲ ಅಂತಾನೇ ಇತ್ತು" ಅಂತ ನಿಟ್ಟುಸಿರು ಬಿಟ್ಟು ಹೊರಟುಹೋದ. ಅವನು ಡೈರಿಗೆ ಹಾಲು ಹಾಕುವಷ್ಟರಲ್ಲಿ ಸುದ್ದಿ ಊರೆಲ್ಲ ಆಗಿತ್ತು. ನಾನು ಮನೆ ಸೇರೋ ಹೊತ್ತಿಗೆ ಪಕ್ಕದ ಮನೆಯಾಕೆ ಒಂದು ಮೊರ ಹಾಗಲಕಾಯಿ ತಂದು ಜಗಲಿ ಮೇಲೆ ಇಟ್ಟಿದ್ದಳು. ನಮ್ಮತ್ತೆ ಸಕ್ಕರೆ ಡಬ್ಬವನ್ನು ತಮ್ಮ ಹಾಸಿಗೆ ಹತ್ತಿರ ಸಾಗಿಸಿದ್ದರು. ಒಂದು ವಾರ ಸಪ್ಪೆ ಕಾಫಿ, ಹಾಗಲಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು.

ಕೊನೆಗೆ ತಿಪಟೂರಿಗೆ ಹೋಗಿ ರಕ್ತ ಕೊಟ್ಟು, ಎಲ್ಲ ಸರಿಯಾಗಿದೆ ಅನ್ನೋ ರಿಪೋರ್ಟು ತಂದು ಅತ್ತೆ ಮುಂದೆ ಹಿಡಿದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹಾಗಲಕಾಯಿ ಎಷ್ಟು ಬೇಗ ಕೆಲ್ಸ ಮಾಡ್ತು ನೋಡ್ದೇನಮ್ಮ" ಅಂದರು.

ಡಾಕ್ಟರ ಮಾತಿನ ಅರ್ಥ

ಬೆಳಗ್ಗೆ ನಡಿಗೆ, ಹಗಲೆಲ್ಲ ಮೈದಾನ, ಮುಂಜಾನೆ ಸಂಜೆ ಒಲೆ. ಬಲಗಾಲಿನ ಮಂಡಿ ಊದಿಕೊಂಡಿತು. ಡಾಕ್ಟರ ಹತ್ತಿರ ಹೋದಾಗ ನಮ್ಮ ಯಜಮಾನರೂ ಜೊತೆಗೆ ಬಂದರು. ಅವರದು ತೆಂಗಿನ ತೋಟ, ಮಾತಿನಲ್ಲಿ ಯಾರಿಗೂ ಸೋಲದ ಮನುಷ್ಯ.

ಡಾಕ್ಟರು ಮಂಡಿ ಒತ್ತಿ ನೋಡಿ ಹೇಳಿದರು: "ವ್ಯಾಯಾಮ ಮಾಡ್ತಿರೋದು ಒಳ್ಳೇದೇ. ಆದ್ರೆ ಬಿಡುವು ಎಲ್ಲಮ್ಮ? ಇಪ್ಪತ್ತು ವರ್ಷದ ಮೈ ಅಲ್ಲ ಇದು, ಸವೆದದ್ದು ಒಂದು ನಿದ್ದೇಲಿ ಸರಿ ಹೋಗಲ್ಲ. ಒಂದು ತಿಂಗಳು ರೆಸ್ಟ್ ಮಾಡಿ. ಆಮೇಲೆ ನಿಧಾನಕ್ಕೆ ಶುರು ಮಾಡಿದ್ರೆ ಮತ್ತೆ ಓಡ್ತೀರಿ. ಇಲ್ಲಾಂದ್ರೆ ಈ ಮಂಡಿ ಕಥೆ ಇಷ್ಟೇ."

ನನಗೆ ಬೇಕಾಗಿದ್ದದ್ದು ಆ ಓಟವೇ. ಪ್ರತಿ ವರ್ಷ ನಮ್ಮ ಸ್ಕೂಲಿನ ಕ್ರೀಡಾಕೂಟ ಶುರುವಾಗೋದು ನಾನು ಹುಡುಗಿಯರ ಜೊತೆ ಮೈದಾನಕ್ಕೆ ಒಂದು ಸುತ್ತು ಓಡಿದ ಮೇಲೆ. ಈ ಸಲವೂ ಓಡಬೇಕು. ಇಲ್ಲದಿದ್ದರೆ ಹೆಡ್‌ಮಾಸ್ಟರು ನನಗಾಗಿ ಬಿಸಿಯೂಟದ ಉಸ್ತುವಾರಿ ತೆಗೆದಿಟ್ಟುಕೊಂಡು ಕಾಯುತ್ತಿದ್ದರು. ವಿಸಲ್ ಕಿತ್ತುಕೊಂಡು ಸ್ಟೋರ್ ರೂಮಿನ ಬೀಗದಕೈ ಕೊಡೋದು ಅಂದರೆ ನನ್ನ ಮಟ್ಟಿಗೆ ಅದು ರಿಟೈರ್ಮೆಂಟೇ.

"ನೆಲದ ಮೇಲೆ ಕೂರಬೇಡಿ, ತುಂಬಾ ಹೊತ್ತು ನಿಲ್ಲಬೇಡಿ" ಅಂತ ಡಾಕ್ಟರು ಒತ್ತಿ ಹೇಳಿದರು. ಯಜಮಾನರು ಎಲ್ಲದಕ್ಕೂ ತಲೆ ಆಡಿಸಿದರು. ಆಚೆ ಬಂದು ಬೈಕ್ ಸ್ಟಾರ್ಟ್ ಮಾಡುತ್ತಾ, "ಡಾಕ್ಟ್ರು ಸರಿಯಾಗೇ ಹೇಳಿದ್ರು ಕಣೇ" ಅಂದರು. "ಕೂರಬಾರದು, ನಿಲ್ಲಬಾರದು ಅಂದ್ರೆ ಏನರ್ಥ? ಓಡಾಡ್ಕೊಂಡಿರು ಅಂತ ತಾನೇ?"

ನೋಡಲು ಬಂದವರು

ರಜೆ ಹಾಕಿ ಮಂಚದ ಮೇಲೆ ಕಾಲು ಚಾಚಿದೆ. ಮೇಡಮ್ಮೋರು ಮಲಗಿದ್ದಾರಂತೆ ಅಂತ ಜನ ನೋಡೋಕೆ ಬರತೊಡಗಿದರು. ನಮ್ಮ ಕಡೆ ಹುಷಾರಿಲ್ಲದವರನ್ನು ನೋಡಲು ಬಂದವರನ್ನು ಹಾಗೇ ಕಳಿಸೋ ಪದ್ಧತಿ ಇಲ್ಲ. ಬಂದವರು "ನೀವು ಏಳಬ್ಯಾಡಿ, ಮಲಗಿ ಮಲಗಿ" ಅಂತಾರೆ, ಕಾಫಿ ಬರೋವರೆಗೂ ಏಳಲ್ಲ. ಅತ್ತೆ ಬಂದವರಿಗೆ ನನ್ನ ಮಂಡಿ ಕಥೆ ಹೇಳುವ ಕೆಲಸ ವಹಿಸಿಕೊಂಡಿದ್ದರಿಂದ ಒಲೆ ಹತ್ತಿರ ಹೋಗಲು ಅವರಿಗೆ ಪುರುಸೊತ್ತಿರಲಿಲ್ಲ. ಕುಂಟಿಕೊಂಡು ಹೋಗಿ ನಾನೇ ಕಾಫಿ ಕಾಸುತ್ತಿದ್ದೆ. ಮಧ್ಯಾಹ್ನದ ಹೊತ್ತು ಬಂದವರಿಗೆ ಉಪ್ಪಿಟ್ಟು. ಸ್ಕೂಲಿಗೆ ಹೋಗುವಾಗ ದಿನಕ್ಕೆ ಎರಡು ಸಲ ಅಡುಗೆಮನೆಗೆ ಹೋಗುತ್ತಿದ್ದವಳು ರೆಸ್ಟ್ ಶುರುವಾದ ಮೇಲೆ ಅಲ್ಲೇ ವಾಸ ಮಾಡಿದೆ.

ಹಾಗಲಕಾಯಿ ತಂದಿದ್ದ ಪಕ್ಕದ ಮನೆಯಾಕೆಯೂ ಬಂದಳು. ನನ್ನ ಕಾಲು ನೋಡಿ ಲೊಚಗುಟ್ಟಿ, "ಪುಣ್ಯ ಮಾಡಿದ್ರಿ ಕಣ್ರೀ, ಮಲಕೊಂಡೇ ಸಂಬಳ. ನಮಗೆಲ್ಲೈತೆ ಇಂಥ ರೆಸ್ಟು?" ಅಂದಳು. ಅಂದವಳೇ ಖಾಲಿ ಲೋಟ ಮುಂದೆ ಹಿಡಿದು, "ಇನ್ನೊಂದು ಗುಟುಕು ಇದ್ರೆ ಹಾಕಿ, ಚೆನ್ನಾಗೈತೆ."

ಅಟ್ಟದ ಮರ್ಯಾದೆ

ನಮ್ಮ ಕಡೆ ತೆಂಗಿನಕಾಯಿ ಕಿತ್ತ ಮೇಲೆ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಆಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಲ್ಲಿವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಬಿದಿರಿನ ಗಳ ಹಾಸಿದ ನಮ್ಮ ಮನೆಯ ಅಟ್ಟ ಇರೋದು ನಾನು ಮಲಗುವ ಮಂಚದ ನೆತ್ತಿ ಮೇಲೆ.

ಒಂದು ದಿನ ಯಜಮಾನರ ದಾಯಾದಿಯೊಬ್ಬರು ಬಂದು, ಮನೇಲಿ ಪೂಜೆ ಇದೆ, ಅಟ್ಟದಿಂದ ನಾಲ್ಕು ಕಾಯಿ ಇಳಿಸಿಕೊಡು ಅಂದರು. ಯಜಮಾನರು ಏಣಿಗೆ ಅಡ್ಡ ನಿಂತರು.

"ಕೆಳಗಡೆ ರಾಶೀಲಿ ಎಷ್ಟು ಬೇಕೋ ತಗೊಂಡೋಗ್ಲಾ. ಅಟ್ಟದ್ದು ಮಾತ್ರ ಮುಟ್ಟಬ್ಯಾಡ. ಒಂದ್ಸಲ ಮಲಗಿಸಿದ ಮ್ಯಾಲೆ ಅದರ ಪಾಡಿಗೆ ಅದನ್ನ ಬುಟ್ಬುಡಬೇಕು. ಸುಮ್‌ಸುಮ್ನೆ ಎಬ್ಬಿಸಿ ಅಲ್ಲಾಡಿಸ್ತಿದ್ರೆ ಕೊಬ್ಬರಿ ಆಗಲ್ಲ, ಕೊಳ್ತೋಗ್ತದೆ."

ಎಷ್ಟು ಅಕ್ಕರೆಯಿಂದ ಹೇಳಿದರು ಅಂದರೆ, ಮಂಚದ ಮೇಲೆ ಮಲಗಿದ್ದ ನನಗೆ ಕಣ್ಣಲ್ಲಿ ನೀರು ಬಂತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ದನಿ ನನ್ನ ಬಗ್ಗೆ ಕೇಳಿದ್ದಿಲ್ಲ. ದಾಯಾದಿಗೂ ಕಾಫಿ ಮಾಡು ಅಂತ ಅದೇ ಬಾಯಲ್ಲಿ ನನ್ನನ್ನು ಎಬ್ಬಿಸಿದರು.

"ನನ್ನನ್ನೂ ಅಟ್ಟಕ್ಕೆ ಹಾಕ್ಬುಡ್ರೀ" ಅಂದೆ.

ಅವರು ಒಂದು ಸಲ ನನ್ನನ್ನು, ಒಂದು ಸಲ ಅಟ್ಟವನ್ನು ನೋಡಿ ಅಂದರು: "ಗಳ ತಡೆಯಲ್ಲ ಕಣೇ."

ಹೊಸ ಶೂಸು

ನನ್ನ ಮಂಡಿ ನೋಡಿ ಯಜಮಾನರಿಗೆ ತಮ್ಮ ಮೈ ಬಗ್ಗೆ ಭಯ ಹುಟ್ಟಿತು. ತಿಪಟೂರಿಗೆ ಹೋಗಿ ಕಣ್ಣು ಕುಕ್ಕುವ ಹಳದಿ ಶೂಸು ತಂದರು. ಮೊದಲನೇ ದಿನವೇ ಕೆರೆ ಏರಿ ಪೂರ್ತಿ ಓಡಿ ಬಂದರು. ಮಾರನೇ ದಿನ ಕಾಲು ಎತ್ತಲಾಗದೆ ಗೋಡೆ ಹಿಡಿದು ನಡೆಯುತ್ತಿದ್ದರು.

"ಇವತ್ತು ಬಿಡುವು ಕೊಡ್ರೀ. ನಾಳೆ ಸ್ವಲ್ಪ ನಡೀರಿ. ಓಡೋದಕ್ಕೆ ಇನ್ನೂ ಟೈಮಿದೆ" ಅಂದೆ. ನನ್ನ ಕಸುಬೇ ಅದು, ಹೇಳಬೇಕಲ್ಲ.

"ರೆಸ್ಟ್ ತಗೊಂಡ್ ತಗೊಂಡೇ ನೀನು ಹಿಂಗಾಗಿರೋದು" ಅಂತ ಹೇಳಿ ಮತ್ತೆ ಓಡಲು ಹೋದರು. ಅದರ ಮಾರನೇ ದಿನ ಓಟದ ಜೊತೆಗೆ ಬಸ್ಕಿ, ದಂಡ ಎಲ್ಲ ಹೊಡೆದು, ಬೆವರು ಆರುವ ಮೊದಲೇ ಕಾಯಿ ಹೇಗಿವೆ ನೋಡಿಬರುತ್ತೇನೆ ಅಂತ ಅಟ್ಟ ಹತ್ತಿದರು. ಬಗ್ಗಿ ಒಂದು ಕಾಯಿ ಎತ್ತಿ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ ಸದ್ದು ಕೆಳಗಿದ್ದ ನನಗೆ ಕೇಳಿಸಿತು. ಆಮೇಲೆ ಕಾಯಿ ಬಿದ್ದ ಸದ್ದು. ಆಮೇಲೆ ಸಣ್ಣ ದನಿ: "ಲೇ, ಸೊಂಟ ಹಿಡ್ಕೊಂತು ಕಣೇ."

ಬಗ್ಗಲೂ ಆಗದು, ಏಣಿ ಮೇಲೆ ಕಾಲಿಡಲೂ ಆಗದು. ಡಾಕ್ಟರಿಗೆ ಫೋನ್ ಮಾಡಿದೆ. "ಎಲ್ಲಿದ್ದಾರೋ ಅಲ್ಲೇ ಅಂಗಾತ ಮಲಗಿಸಿ, ನೋವು ಇಳಿಯೋವರೆಗೂ ಅಲ್ಲಾಡಿಸಬೇಡಿ" ಅಂದರು. ಆಳುಗಳು ಹತ್ತಿ, ಕಾಯಿ ಪಕ್ಕಕ್ಕೆ ಸರಿಸಿ, ಗೋಣಿತಾಟಿನ ಮೇಲೆ ಕಂಬಳಿ ಹಾಸಿ ಮಲಗಿಸಿ ಬಂದರು. ಗಳ ಚೆನ್ನಾಗಿಯೇ ತಡೆಯಿತು.

ಆಗ ನೋಡಬೇಕಿತ್ತು ನಮ್ಮತ್ತೆಯನ್ನು. ನಾನು ಮಲಗಿದ ದಿನದಿಂದ ಒಲೆ ಕಡೆ ತಲೆ ಹಾಕದವರು ಮಗನಿಗೆ ಅಂತ ಸೀರೆ ಎತ್ತಿ ಕಟ್ಟಿ ನಿಂತರು. ಕಾಫಿ, ರಾಗಿ ಗಂಜಿ, ಬಿಸಿ ಎಣ್ಣೆ, ಎಲ್ಲ ಬುಟ್ಟಿಯಲ್ಲಿಟ್ಟು ಹಗ್ಗ ಕಟ್ಟಿ ಮೇಲಕ್ಕೆ ಕಳಿಸಿದರು. ನೋಡಲು ಬಂದವರಿಗೆ ಅತ್ತೆ ಬಾಗಿಲಲ್ಲೇ, "ಮಾತಾಡಿಸಬ್ಯಾಡಿ, ಮಗ ರೆಸ್ಟಲ್ಲವ್ನೆ" ಅಂತ ಹೇಳಿ ಕಳಿಸುತ್ತಿದ್ದರು. ಒಬ್ಬರಿಗೂ ಕಾಫಿ ಇಲ್ಲ. ಆ ಮೂರು ದಿನ ನಾನು ಮಂಚದ ಮೇಲೆ ನಿಜವಾಗಿ ಮಲಗಿದೆ. ಊತವೂ ಇಳಿಯತೊಡಗಿತು. ಇನ್ನೊಂದಿಷ್ಟು ದಿನ ಹೀಗೇ ಹೋದರೆ ಓಡ್ತೀನಿ ಅನ್ನಿಸಿತು.

ನಾಲ್ಕನೇ ದಿನ ಆಳುಗಳು ಯಜಮಾನರನ್ನು ಇಳಿಸಿದರು. ಮನೆಯಲ್ಲಿ ಇರೋದು ಒಂದೇ ಗಟ್ಟಿ ಮಂಚ. ಅದು ಅವರಿಗಾಯಿತು. ನನಗೆ ನೆಲದ ಮೇಲೆ ಚಾಪೆ.

ತಿಂಗಳು ತುಂಬಿದ ಮೇಲೆ ಇಬ್ಬರೂ ಡಾಕ್ಟರ ಹತ್ತಿರ ಹೋದೆವು. ಯಜಮಾನರ ಸೊಂಟ ವಾಸಿಯಾಗಿತ್ತು. ನನ್ನ ಮಂಡಿ ಒತ್ತಿದ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಮೊದಲಿಗಿಂತ ಜಾಸ್ತಿ ಆಗಿದೆಯಲ್ಲಮ್ಮ. ಈ ವರ್ಷ ಓಟದ ಮಾತೇ ಬೇಡ."

ಈ ಸಲ ಹುಡುಗಿಯರು ಆ ಸುತ್ತು ನಾನಿಲ್ಲದೆ ಓಡುತ್ತಾರೆ. ನಾನು ಒಗ್ಗರಣೆ ವಾಸನೆ ಕುಡಿಯುತ್ತಾ ಸ್ಟೋರ್ ರೂಮಿನ ಕಿಟಕಿಯಿಂದ ನೋಡಬೇಕು.

ಯಜಮಾನರಿಗೆ ಅವಮಾನ ಆಯಿತು. "ಏನ್ ಮಾತು ಅಂತ ಆಡ್ತೀರಿ ಡಾಕ್ಟ್ರೇ? ಇವಳಿಗೆ ರೆಸ್ಟ್‌ಗೆ ನಾನೇನು ಕಮ್ಮಿ ಮಾಡಿಲ್ಲ. ಅಟ್ಟದ ಮ್ಯಾಲಿದ್ದಷ್ಟು ದಿನ ಒಂದು ಲೋಟ ಕಾಫಿ ಕೂಡ ಕೇಳಿಲ್ಲ. ಬೇಕಾದ್ರೆ ಅವಳನ್ನೇ ಕೇಳಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಹೌದೇನಮ್ಮ?"

"ಹೌದು ಡಾಕ್ಟ್ರೇ" ಅಂದೆ. "ನನಗೆ ಏನೂ ಬರೀಬೇಡಿ. ಇವರಿಗೆ ರೆಸ್ಟ್ ಬರೀರಿ. ಅಟ್ಟದ ಮೇಲೇ ಅಂತ ಬರೀರಿ. ಕಾಯಿ ಕೊಬ್ಬರಿ ಆಗೋವರೆಗೂ."